ಹಿಡಿದಿಟ್ಟ ಜಾಗ

ಗಂಡ ಇಸಾಮುವಿನ ಹೆಣವನ್ನು ಚಿತಾಗಾರದ ಕಬ್ಬಿಣದ ಬಾಗಿಲಾಚೆಗೆ ಕಳಿಸಿ ಬಂದ ಚಿಯೊ, ಕಾಯುವ ಕೋಣೆಯಲ್ಲಿ ಅವನ ಹಳೆಯ ಕಚೇರಿಯವರಿಗೆ ಚಹಾ ಬಗ್ಗಿಸುತ್ತಿದ್ದಳು. ಮೂಳೆ ಆರಿಸಲು ಕರೆ ಬರುವವರೆಗೂ ಎಲ್ಲರೂ ಇಲ್ಲೇ ಕೂರಬೇಕು. ಕಿಟಕಿಯಾಚೆ ಚೆರ್ರಿ ಮರ ಮೈತುಂಬ ಹೂ ಬಿಟ್ಟಿತ್ತು, ದರಿದ್ರದ್ದು, ಇವತ್ತು ಎಂಥ ದಿನವೆಂಬ ಪರಿವೆಯೇ ಇಲ್ಲದೆ.

"ನೋಡಿದ್ರಾ? ಇಸಾಮು ಇವತ್ತೂ ನಮಗೆ ಒಳ್ಳೇ ಜಾಗಾನೇ ಹಿಡಿದಿದ್ದಾನೆ" ಎಂದರು ಮ್ಯಾನೇಜರ್ ಕುರೋಡಾ. ಹೊಟ್ಟೆಗೆ ಆಗಲೇ ಬಿಯರ್ ಇಳಿದಿತ್ತು. ಇಬ್ಬರು ಮೂವರು ನಕ್ಕರು. ಚಿಯೊಗೆ ಮೈಯೆಲ್ಲ ಉರಿದುಹೋಯಿತು.

*

ವರ್ಷವರ್ಷವೂ ಚೆರ್ರಿ ಹೂ ನೋಡುವ ಕೂಟಕ್ಕೆ ನಸುಕಿನಲ್ಲೇ ಪಾರ್ಕಿಗೆ ಹೋಗಿ, ಒಳ್ಳೆಯ ಮರದಡಿ ನೀಲಿ ಟಾರ್ಪಾಲು ಹಾಸಿ, ಕಚೇರಿಯವರು ಬರುವತನಕ ಕಾದು ಕೂರುವುದು ಹೊಸಬರ ಕೆಲಸ. ಹೊಸಬನಾಗಿದ್ದಾಗ ಕೂತ ಇಸಾಮುವನ್ನು ತಲೆ ನರೆತರೂ ಯಾರೂ ಏಳಿಸಲಿಲ್ಲ. ನಿವೃತ್ತನಾದ ಮೇಲೂ ಕುರೋಡಾ ಮನೆಗೆ ಫೋನ್ ಮಾಡಿ ಕರೆಯುತ್ತಿದ್ದರು. ಇವನೋ, ಉಬ್ಬಿಹೋಗುತ್ತಿದ್ದ.

ಈ ಸಲವೂ ಹೊರಟು ನಿಂತ.

"ಎದೆ ಇನ್ನೂ ಗೊರಗೊರ ಅಂತಿದೆ. ಈ ಚಳೀಲಿ ಹೋಗ್ಬೇಡಿ ಅಂದ್ರೆ!"

"ನಾನಿಲ್ದಿದ್ರೆ ಅವರಿಗೆ ಜಾಗ ಯಾರೇ ಹಿಡೀತಾರೆ?"

ಮಧ್ಯಾಹ್ನ ಮಳೆ ಹಿಡಿಯಿತು. ಸಂಜೆಯಾದರೂ ಬಾರದಿದ್ದಾಗ ಚಿಯೊ ಕೊಡೆ ಹಿಡಿದು ಹುಡುಕಿಕೊಂಡು ಹೋದಳು. ಪಾರ್ಕೆಲ್ಲ ಖಾಲಿ. ಬೂಟುಗಳನ್ನು ಟಾರ್ಪಾಲಿನ ಅಂಚಿಗೆ ಒಪ್ಪವಾಗಿ ಜೋಡಿಸಿಟ್ಟು, ಅದರ ನಡುವೆ ನೆನೆದು ನಡುಗುತ್ತ ಕೂತಿದ್ದ.

"ಬರ್ತಾರೆ. ಏನೋ ತಡ ಆಗಿರ್ಬೇಕು" ಎಂದ.

ಮನೆಗೆ ಬಂದು ಹಾಸಿಗೆ ಹಿಡಿದವನು ಮತ್ತೆ ಏಳಲೇ ಇಲ್ಲ.

*

ಚಿಯೊ ಚಹಾದ ಪಾತ್ರೆಯನ್ನು ಕುಕ್ಕಿದಳು. "ಅವತ್ತು ನೀವ್ಯಾರೂ ಯಾಕೆ ಬರ್ಲಿಲ್ಲ ಸಾಹೇಬ್ರೇ?"

"ಮಳೆ ಬಂತಲ್ಲಮ್ಮಾ, ಕೂಟಾನ ಹೋಟೆಲಿಗೆ ಬದಲಾಯಿಸಿದ್ವಿ." ಕುರೋಡಾ ಪಕ್ಕದವನ ಕಡೆ ತಿರುಗಿದರು. "ನಿಶಿವಾಕಿ, ಪಾರ್ಕಿಗೆ ಹೋಗಿ ಇಸಾಮುಗೆ ಹೇಳ್ಲಿಲ್ವೇನಯ್ಯಾ?"

"ಯಾರಾದ್ರೂ ಹೇಳಿರ್ತಾರೆ ಅಂದ್ಕೊಂಡೆ ಸರ್."

ಅಷ್ಟರಲ್ಲಿ ಕರೆ ಬಂತು. ಒಂದೊಂದು ಮೂಳೆಯನ್ನೂ ಇಬ್ಬರು ಸೇರಿ ಕಡ್ಡಿಗಳಲ್ಲಿ ಹಿಡಿದು ಕುಡಿಕೆಗೆ ಹಾಕಬೇಕು. ಕುರೋಡಾ ಕಪ್ಪು ಟೈ ಸರಿಮಾಡಿಕೊಂಡು ಮುಂದೆ ಬಂದರು.

"ಮೊದಲನೇದು ನಿಮ್ಮ ಜೊತೆ ನಾನೇ ಎತ್ತುತ್ತೀನಮ್ಮಾ. ಒಡಹುಟ್ಟಿದವನ ಹಾಗಿದ್ದ ನನಗೆ."

"ನೀವು ಇಲ್ಲೇ ಕೂತಿರಿ ಸಾಹೇಬ್ರೇ. ನಾವು ಬರೋವರೆಗೂ ಯಾರಾದ್ರೂ ಜಾಗ ಹಿಡಿದಿರ್ಬೇಕಲ್ವಾ?"

ಕುರೋಡಾ ಕೂತರು.

ಚಿಯೊ ಮಗಳು ಮಿಹೊಳ ಜೊತೆ ಮೊದಲು ಕಾಲಿನ ಮೂಳೆ ಎತ್ತಿದಳು. ಎಲ್ಲ ಮುಗಿದ ಮೇಲೆ ಜನ ಹಿಂಬಾಗಿಲಿಂದಲೇ ಚದುರಿದರು. ಇನ್ನೂ ಬಿಸಿಯಾಗಿದ್ದ ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕಾರಿನಲ್ಲಿ ಕೂತಳು.

"ಅಮ್ಮಾ, ಮುಗೀತು ಅಂತ ಕುರೋಡಾ ಅವರಿಗೆ ಹೇಳಿದ್ಯಾ?"

"ಯಾರಾದ್ರೂ ಹೇಳಿರ್ತಾರೆ ಬಿಡು."

ಕಾರು ಮರದಡಿ ತಿರುಗಿತು. ಕಾಯುವ ಕೋಣೆಯ ಗಾಜಿನಾಚೆ, ತಣ್ಣಗಾದ ಚಹಾದ ಬಟ್ಟಲುಗಳ ಸಾಲಿನ ಮುಂದೆ, ಕುರೋಡಾ ಒಬ್ಬರೇ ಬಾಗಿಲು ನೋಡುತ್ತ ಕೂತಿದ್ದರು.