ಸೂಜಿ ಮಾರಲು ಬಂದ ಅಪ್ಪ

ಹರ್ನಿಯಾ ಇದೆ ಎಂದು ಡಾಕ್ಟರು ಹೇಳಿದಾಗ ಲಾಟರಿ ಹೊಡೆದವನ ಹಾಗೆ ಹಿಗ್ಗಿದ ಮನುಷ್ಯನನ್ನು ನೀವು ಕಂಡಿರಲಾರಿರಿ. ನಮ್ಮ ಮೇಸ್ತ್ರಿ ಹಿಗ್ಗಿದ. ಹೊಲಿಗೆ ಯಂತ್ರ ರಿಪೇರಿ ಅವನ ಕಸುಬು, ಎಲ್ಲರ ಬಾಯಲ್ಲೂ ಅವನು ಮೇಸ್ತ್ರಿಯೇ. ಯಂತ್ರಗಳನ್ನು ಎತ್ತಿ ಎತ್ತಿ ಕಿಬ್ಬೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಬೇಗ ಆಪರೇಷನ್ ಮಾಡಿಸಿಕೊಳ್ಳಿ ಎಂದರು ಡಾಕ್ಟರು. ಅವನು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಒಂದೂವರೆ ವರ್ಷ ಆ ಗಂಟನ್ನು ಜೋಪಾನವಾಗಿ ಇಟ್ಟುಕೊಂಡ. ಅವನ ಮಗಳಿದ್ದದ್ದು ಬೇರೆ ದೇಶದಲ್ಲಿ. ಅಲ್ಲಿಗೆ ಹೋಗಲು ಅವನ ಹತ್ತಿರ ಉಳಿದಿದ್ದ ಕಾರಣ ಅದೊಂದೇ.

ಒಂದು ಕಾಲಕ್ಕೆ ಅವನೂ ಅಲ್ಲೇ ಇದ್ದವನು. ಹೆಂಡತಿ ಆ ದೇಶದವಳು, ಗಂಡ ಎಂಬ ಲೆಕ್ಕದಲ್ಲಿ ಇವನಿಗೆ ವೀಸಾ ಕೊಟ್ಟಿದ್ದರು. ಮದುವೆ ಮುರಿಯಿತು. ತಪ್ಪು ಯಾರದು ಎಂದು ಕೇಳಬೇಡಿ, ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ. ಮದುವೆಯ ಹಿಂದೆಯೇ ವೀಸಾವೂ ಹೋಯಿತು, ಮೂವತ್ತು ದಿನದಲ್ಲಿ ಗಂಟುಮೂಟೆ ಕಟ್ಟು ಎಂದರು. ಮಗಳಿಗೆ ಆಗ ಆರು ವರ್ಷ. ದುಂಡಗಿದ್ದಳು, ನಿಂತಲ್ಲಿ ನಿಲ್ಲದೆ ಗಿರಗಿರನೆ ಸುತ್ತುತ್ತಿದ್ದಳು. ಅದಕ್ಕೇ ಹೊಲಿಗೆ ಯಂತ್ರದೊಳಗೆ ಸುತ್ತುವ ದಾರದ ಉರುಳೆಯ ಹೆಸರು ಹಿಡಿದು ಅವಳನ್ನು ಬಾಬಿನ್ ಎಂದು ಕರೆಯುತ್ತಿದ್ದ.

ಮರುವರ್ಷ ಪ್ರವಾಸಿ ವೀಸಾದಲ್ಲಿ ಹೋದ. ಅದರ ಮರುವರ್ಷವೂ ಹೋದ. ಒಂದು ಸಲಕ್ಕೆ ಮೂವತ್ತು ದಿನ. ಮೂರನೆಯ ಸಲ ಅರ್ಜಿ ಹಾಕಿದಾಗ ಕಿಟಕಿಯ ಹಿಂದಿದ್ದ ಅಧಿಕಾರಿ ಕನ್ನಡಕ ಕೆಳಗಿಳಿಸಿ, "ಅದೇ ಊರನ್ನ ಎಷ್ಟು ಸಲ ನೋಡ್ತೀಯಪ್ಪಾ? ಏನಿದೆ ಅಲ್ಲಿ?" ಎಂದ. ಅರ್ಜಿ ವಾಪಸ್ ಬಂತು.

ಬಂಧುಗಳನ್ನು ನೋಡಲು ಹೋಗುವವರಿಗೆ ಬೇರೆಯೇ ವೀಸಾ ಇತ್ತು. ಆದರೆ ಅದಕ್ಕೆ ಮಗುವಿನ ಪರವಾಗಿ ತಾಯಿ ಸಹಿ ಹಾಕಿ ಜವಾಬ್ದಾರಿ ಹೊರಬೇಕು. ಅವಳು ಅಷ್ಟರಲ್ಲಿ ಇನ್ನೊಂದು ಮದುವೆಯಾಗಿದ್ದಳು. "ಬಂದಾಗ ಮಗಳನ್ನ ನೋಡು, ಬೇಡ ಅನ್ನಲ್ಲ. ಆದ್ರೆ ನಿನ್ನ ಕಾಗದಕ್ಕೆ ನಾನು ಜಾಮೀನು ನಿಲ್ಲಲ್ಲ" ಎಂದಳು ಫೋನಿನಲ್ಲಿ. ಅಷ್ಟು ಹೇಳಿದ್ದೇ ದೊಡ್ಡದು ಎಂದುಕೊಂಡ ಮೇಸ್ತ್ರಿ.

ಆಗ ಸಿಕ್ಕಿದವನು ವೀಸಾ ಏಜೆಂಟ್. ಅಂಗೈ ಅಗಲದ ಅಂಗಡಿ, ಬಾಯಿ ಮಾತ್ರ ಊರಗಲ. "ಅಪ್ಪ ಅನ್ನೋ ಕಾಲಂ ಇಲ್ಲ ಮೇಸ್ತ್ರಿ. ಇರೋ ಕಾಲಂ ಒಳಗೆ ನಾವೇ ತೂರ್ಕೋಬೇಕು. ನೀನು ಸೂಜಿ ವ್ಯಾಪಾರಿ ಆಗು" ಎಂದ. ಅಲ್ಲಿನ ಒಂದು ಗಾರ್ಮೆಂಟ್ ಫ್ಯಾಕ್ಟರಿಯಿಂದ ಪತ್ರ ತರಿಸಿದ, ವ್ಯಾಪಾರ ವೀಸಾ ಆಯಿತು. ಜೊತೆಗೊಂದು ಬುದ್ಧಿಮಾತನ್ನೂ ಹೇಳಿದ: "ಕಾಗದದಲ್ಲಿ ಏನಿದೆಯೋ ಬಾಯಲ್ಲೂ ಅದೇ ಇರ್ಬೇಕು. ಮಗಳ ಹತ್ರಾನೂ ಅಷ್ಟೇ. ವಿಚಾರಣೆಗೆ ಬಂದವರು ಮೊದಲು ಕೇಳೋದೇ ಮಕ್ಕಳನ್ನ."

ಆ ಏಜೆಂಟನ ನಾಲಿಗೆ ಸೇದಿಹೋಗಲಿ ಎನ್ನಬೇಕೆನಿಸುತ್ತದೆ ನನಗೆ. ಆದರೆ ಅವನು ಹೇಳಿದ್ದು ಸುಳ್ಳಾಗಲಿಲ್ಲ. ಎರಡನೆಯ ವಾರವೇ ಒಬ್ಬ ಅಧಿಕಾರಿ ತಾಯಿಯ ಮನೆ ಬಾಗಿಲಿಗೆ ಬಂದು ಒಂಬತ್ತು ವರ್ಷದ ಬಾಬಿನ್‌ಳನ್ನು ಕೇಳಿದ, "ನಿಮ್ಮಪ್ಪ ಯಾಕೆ ಬಂದಿದಾರೆ ಪುಟ್ಟಾ?"

"ಸೂಜಿ ಮಾರೋಕೆ" ಎಂದಳು ಹುಡುಗಿ.

ಸುದ್ದಿ ತಿಳಿದ ಮೇಸ್ತ್ರಿ ಅವಳಿಗೆ ದೊಡ್ಡ ಐಸ್‌ಕ್ರೀಮ್ ಕೊಡಿಸಿದ. ಎಷ್ಟು ಜಾಣೆ ನನ್ನ ಮಗಳು ಎಂದು ಬೀಗಿದ.

ನಾಲ್ಕು ವರ್ಷ ಹೀಗೆ ಹೋಗಿ ಬಂದು ಸೂಜಿ ಮಾರಿದ. ಫ್ಯಾಕ್ಟರಿ ಮುಚ್ಚಿದ ಮೇಲೆ ಎರಡು ವರ್ಷ ಅಲ್ಪಾವಧಿ ತರಬೇತಿಯ ವೀಸಾ. ನಲವತ್ತೈದರ ವಯಸ್ಸಿನಲ್ಲಿ ಮೀಸೆ ಬಾರದ ಹುಡುಗರ ನಡುವೆ ಕೂತು, ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುವುದನ್ನು ಕಲಿತ. ಟೀಚರಮ್ಮ ಇವನ ಕೈ ಹಿಡಿದು ತಿದ್ದುತ್ತಿದ್ದರು. ಹಾಜರಿ ಕಮ್ಮಿಯಾದರೆ ವೀಸಾ ರದ್ದು, ಹಾಗಾಗಿ ಮಗಳಿಗೆ ಸಿಗುತ್ತಿದ್ದುದು ಸಂಜೆಯ ಒಂದು ಗಂಟೆ. "ಕೋರ್ಸಿಗೆ ಬಂದಿದೀನಿ ಕಣೇ" ಎನ್ನುತ್ತಿದ್ದ. ಅವಳು "ಹೂಂ" ಎನ್ನುತ್ತಿದ್ದಳು. ಆಮೇಲೆ ತರಬೇತಿಗೆ ವಯಸ್ಸಿನ ಮಿತಿ ಬಂತು, ಒಂದೂವರೆ ವರ್ಷ ಮುಖ ನೋಡಲಿಲ್ಲ.

ಕೊನೆಗೆ ಹರ್ನಿಯಾ. ವೈದ್ಯಕೀಯ ವೀಸಾ ಅಂದರೆ ಅರವತ್ತು ದಿನ! ಮದುವೆ ಮುರಿದ ಮೇಲೆ ಅಷ್ಟು ದಿನ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಆಸ್ಪತ್ರೆಯಿರುವ ಊರು ಬಿಟ್ಟು ಕದಲುವಂತಿಲ್ಲ ಎಂಬ ಷರತ್ತಿತ್ತು, ಮಗಳು ಇರುವುದೇ ಆ ಊರಿನಲ್ಲಿ, ಇನ್ನೆಲ್ಲಿಗೆ ಹೋಗಬೇಕು ಅವನು? ಆದರೆ ಒಂದು ಗಂಟಿಗೆ ಒಂದೇ ಸಲ ವೀಸಾ, ಅದಕ್ಕೇ ಅವಳ ಪರೀಕ್ಷೆ ಮುಗಿಯುವ ತನಕ ಗಂಟನ್ನು ಒತ್ತಿ ಹಿಡಿದು ಕಾದು, ರಜೆ ಬಿದ್ದ ಮೇಲೆ ಬಂದು ಮಲಗಿದ. ಅಲ್ಲಿನ ಸರ್ಜನ್ ಬೈದರು, "ಇಷ್ಟು ದಿನ ಯಾಕ್ರೀ ಬಿಟ್ರಿ? ಕರುಳು ಸಿಕ್ಕಿಹಾಕ್ಕೊಂಡಿದ್ರೆ ಜೀವಕ್ಕೇ ಬರ್ತಿತ್ತು." ಮೇಸ್ತ್ರಿ ಹಲ್ಲು ಕಿರಿದ.

ಆಪರೇಷನ್ ಆದ ಮೂರನೆಯ ದಿನ ಮಗಳು ಬಂದಳು. ಹದಿನೇಳು ವರ್ಷ, ಅಪ್ಪನಷ್ಟೇ ಎತ್ತರ. ಸೇಬಿನ ಚೀಲವನ್ನು ಮಂಚದ ಪಕ್ಕ ಇಟ್ಟು, "ಹೇಗಿದೀರಾ?" ಎಂದಳು. ಚಿಕ್ಕವಳಿದ್ದಾಗ ನೀನು ಎನ್ನುತ್ತಿದ್ದವಳು. ಅದರಿಂದ ಅವನಿಗೆ ಹೊಲಿಗೆಗಿಂತ ಹೆಚ್ಚು ನೋವಾಯಿತು.

ಅಷ್ಟರಲ್ಲಿ ವಾರ್ಡಿನ ಗುಮಾಸ್ತೆ ಬಂದು, ಹೊರದೇಶದ ರೋಗಿಗಳ ಪಾಸ್‌ಪೋರ್ಟಿನ ಎಲ್ಲ ಪುಟಗಳ ಜೆರಾಕ್ಸ್ ಬೇಕು ಎಂದಳು. ಮಗಳು ಪಾಸ್‌ಪೋರ್ಟ್ ತೆಗೆದುಕೊಂಡು ಕೆಳಗಿನ ಅಂಗಡಿಗೆ ಹೋದಳು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಬಂದವಳು ಕಾಗದಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಹರಡಿದಳು.

"ಪ್ರವಾಸ. ವ್ಯಾಪಾರ. ತರಬೇತಿ. ಚಿಕಿತ್ಸೆ" ಎಂದು ಒಂದೊಂದನ್ನೇ ಬೆರಳಿಟ್ಟು ಓದಿದಳು. "ಒಂದು ಸಲನಾದ್ರೂ ನನ್ನ ನೋಡೋಕೆ ಅಂತ ಬಂದಿಲ್ಲ ಅಲ್ವಾ ನೀವು?"

ಮೇಸ್ತ್ರಿ ಏಳಲು ಹೋದ, ಹೊಲಿಗೆ ಎಳೆಯಿತು. "ಎಲ್ಲಾ ನಿನ್ನ ನೋಡೋಕೇ ಬಂದಿದ್ದು ಕಣೇ! ಸೂಜಿ ಯಾರಿಗೆ ಬೇಕಿತ್ತು? ಕಾಗದಕ್ಕೆ ಏನೋ ಒಂದು ಬರೀಬೇಕಲ್ಲಾ!"

"ನಾನು ಕೇಳಿದ್ದೆ ಅಪ್ಪಾ." ಅವಳು ದನಿ ಏರಿಸಲಿಲ್ಲ. "ಐಸ್‌ಕ್ರೀಮ್ ತಿಂತಾ ಕೇಳಿದ್ದೆ. ನಿಜ ಹೇಳು, ನನಗೋಸ್ಕರ ಬಂದ್ಯಾ ಸೂಜಿಗೋಸ್ಕರ ಬಂದ್ಯಾ ಅಂತ. ಸೂಜಿಗೆ ಅಂದ್ರಿ. ನಗ್ತಾ ಅಂದ್ರಿ."

ಅವನಿಗೆ ನೆನಪಿತ್ತು. ಭಯದಿಂದ ಹಾಗೆಂದಿದ್ದ. ಮಗು ಎಲ್ಲಾದರೂ ಬಾಯಿ ಬಿಟ್ಟರೆ ಮತ್ತೆ ಬರಲಿಕ್ಕೇ ಬಿಡುವುದಿಲ್ಲ ಎಂಬ ಭಯ. ಅದನ್ನೆಲ್ಲ ಈಗ ಹೇಳಿದ, ಏಜೆಂಟನನ್ನೂ ಸೇರಿಸಿ, ಗಂಟು ಬಚ್ಚಿಟ್ಟುಕೊಂಡ ಕಥೆಯನ್ನೂ ಸೇರಿಸಿ. ಹೇಳುತ್ತಾ ಹೇಳುತ್ತಾ ಗಂಡಸು ಎಂಬುದನ್ನೂ ಮರೆತು ಗೊಳೋ ಎಂದು ಅತ್ತ. ಪಕ್ಕದ ಮಂಚದ ಮುದುಕರು ಗೋಡೆಯ ಕಡೆ ಹೊರಳಿ ಮಲಗಿದರು.

ಮಗಳ ಕಣ್ಣೂ ತುಂಬಿತು. "ನಂಬ್ತೀನಿ ಅಪ್ಪಾ. ಸುಳ್ಳು ಅನ್ನಲ್ಲ. ಆದ್ರೆ ಎಂಟು ವರ್ಷ ನೀವು ನನಗೋಸ್ಕರ ಬಂದಿದ್ದಲ್ಲ ಅಂದ್ಕೊಂಡೇ ಬೆಳೆದಿದೀನಿ. ಈಗ ಏನ್ ಮಾಡ್ಲಿ ಹೇಳಿ?"

"ಏನೂ ಮಾಡ್ಬೇಡ. ದಿನಾ ಬಾ ಸಾಕು. ಎರಡು ತಿಂಗಳು ಇರ್ತೀನಿ ಈ ಸಲ."

ಅವಳು ಕಾಗದಗಳನ್ನು ಜೋಡಿಸತೊಡಗಿದಳು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

"ಸೋಮವಾರ ಹಾಸ್ಟೆಲ್‌ಗೆ ಹೋಗ್ತಿದೀನಿ. ಕಾಲೇಜ್ ಇಲ್ಲಿಂದ ಒಂದು ದಿನದ ದಾರಿ. ಎರಡು ತಿಂಗಳು ತಡವಾಗಿ ಸೇರೋ ಬ್ಯಾಚೂ ಇತ್ತು. ನಿಮ್ಮಪ್ಪ ಆಪರೇಷನ್‌ಗೆ ಬರ್ತಾನಂತೆ, ಏನ್ ಮಾಡ್ತೀಯಾ ಅಂತ ಅಮ್ಮ ಕೇಳಿದ್ಲು. ಅವರು ಅವರ ಕೆಲಸಕ್ಕೆ ತಾನೇ ಬರೋದು, ನಾನ್ಯಾಕೆ ಕಾಯ್ಲಿ ಅಂದೆ. ಈಗ ಬದಲಾಯಿಸೋಕಾಗಲ್ಲ ಅಪ್ಪಾ, ವಿಚಾರಿಸಿದೆ. ಒಂದೇ ಊರಿಗೆ ಇಷ್ಟೊಂದು ಮುದ್ರೆ ಕಂಡು ನನಗೇ ಅನುಮಾನ ಬಂತು, ಜೆರಾಕ್ಸ್ ಅಂಗಡಿಯಿಂದಲೇ ಫೋನ್ ಮಾಡಿದ್ದೆ."

ಮೇಸ್ತ್ರಿ ತಲೆಯಾಡಿಸಿದ. ಓದು ಮುಖ್ಯ ಎಂದ. ಚೆನ್ನಾಗಿ ಓದು ಎಂದ. ಅವಳು ಅವನ ಹೊದಿಕೆ ಸರಿಮಾಡಿ, ಒಂದು ಸೇಬನ್ನು ತೊಳೆದು ಹೆಚ್ಚಿ ತಟ್ಟೆಯಲ್ಲಿಟ್ಟು, ಅವನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡು ಹೋದಳು.

ಸೋಮವಾರ ಬೆಳಿಗ್ಗೆ ಅವಳ ಬಸ್ಸು ಹೊರಟಿತು. ಮೇಸ್ತ್ರಿಗೆ ಆ ಊರೊಂದರಲ್ಲೇ ಇರಲು ಇನ್ನೂ ಐವತ್ತೆರಡು ದಿನಗಳ ಅನುಮತಿ ಇತ್ತು.