ಬಿಳಿ ಹಿಟ್ಟಿನ ಒಲೆ

ಡಾಕ್ಟರು ಮಾತು ಮುಗಿಸುವ ಮೊದಲೇ ಕೋದಂಡಪ್ಪ ಎದ್ದು ಹೊರಟುಬಿಟ್ಟ. ಆ ಮನುಷ್ಯನ ಜಾಯಮಾನವೇ ಅಂಥದ್ದು. ಕೇಳುವುದು ಅರ್ಧ, ಓಡುವುದು ಪೂರ್ತಿ. ಇಷ್ಟು ವರ್ಷ ಅವನ ಜೊತೆ ಬಾಳಿದ ಮುನಿಗಂಗಮ್ಮನಿಗೆ ಇದೇನು ಹೊಸದಲ್ಲ.

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಅವಳ ಎದೆಯಿಂದ ಮತ್ತೆ ನೀರು ತೆಗೆದಿದ್ದರು. ಟೀಬಿ ಇರಬೇಕೆಂದು ತಿಂಗಳುಗಟ್ಟಲೆ ನುಂಗಿದ ಮಾತ್ರೆಯೆಲ್ಲ ದಂಡ. ಬೆಂಗಳೂರಿನಿಂದ ಬಂದ ರಿಪೋರ್ಟು ನೋಡಿ ಡಾಕ್ಟರು ಈಗ ಬೇರೆಯೇ ಹೆಸರು ಹೇಳಿದ್ದರು: ಮೀಸೋಥೀಲಿಯೋಮಾ. ಶ್ವಾಸಕೋಶದ ಮೇಲಿನ ಪೊರೆಗೆ ಬರುವ ಕ್ಯಾನ್ಸರು. ಆಸ್ಬೆಸ್ಟಾಸ್, ಅಂದರೆ ಕಲ್ನಾರಿನ ಧೂಳು ಉಸಿರಿನ ಜೊತೆ ಒಳಗೆ ಹೋಗಿ, ಇಪ್ಪತ್ತು ಮೂವತ್ತು ವರ್ಷ ತೆಪ್ಪಗಿದ್ದು ಆಮೇಲೆ ಹೀಗೆ ಕಾಡುತ್ತದಂತೆ. ವಾಸಿಯಾಗುತ್ತದೆಯೇ ಎಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

"ನಿಮ್ಮನೆಗೆ ಆ ಧೂಳು ಎಲ್ಲಿಂದ ಬಂತಮ್ಮ?" ಎಂದರು.

ಎಲ್ಲಿಂದ ಬರಬೇಕು! ಇಪ್ಪತ್ತೈದು ವರ್ಷದ ಹಿಂದೆ, ಅರವತ್ತೆರಡು ಅರವತ್ತಮೂರರ ಸುಮಾರಿಗೆ, ಕೋದಂಡಪ್ಪ ಉರಿಗಾಂನ ಚಿನ್ನದ ಗಣಿಯಲ್ಲಿ ಒಬ್ಬ ಕಂಟ್ರಾಕ್ಟರನ ಕೈಕೆಳಗಿದ್ದ. ಆವಿಯ ಪೈಪುಗಳ ಶಾಖ ಹೊರಗೆ ಹೋಗದಿರಲೆಂದು ಬಿಳಿ ಹಿಟ್ಟು ಕಲಸಿ ಮೆತ್ತುವ ಕೆಲಸ. ಊರಿಗೆ ಬಂದಾಗ ಮೈಮೇಲೆಲ್ಲ ಅದೇ ಹಿಟ್ಟು. ಅವನ ಅಂಗಿಗಳನ್ನು ಹಿತ್ತಲಲ್ಲಿ ಕೊಡವಿ ಒಗೆಯುತ್ತಿದ್ದವಳು ಇವಳು. ಮಿಕ್ಕ ಹಿಟ್ಟನ್ನು ಅವನು ಚೀಲದಲ್ಲಿ ತಂದಾಗ ಮಣ್ಣಿಗೆ ಬೆರೆಸಿ ಒಲೆ ಹಾಕಿದವಳೂ ಇವಳೇ. ಎಷ್ಟು ಉರಿಸಿದರೂ ಬಿರುಕು ಬಿಡದ ಒಲೆ! ಕೇರಿಯ ಹೆಂಗಸರು ನೋಡಿ ಹೊಟ್ಟೆ ಉರಿದುಕೊಂಡಿದ್ದರು. ಸಗಣಿ ಸಾರಿಸಿಕೊಂಡು ಬಂದ ಆ ಒಲೆಯಲ್ಲೇ ಇವತ್ತಿಗೂ ಅಡಿಗೆ.

ಅವಳು ಇದನ್ನೆಲ್ಲ ಹೇಳುತ್ತಿದ್ದಂತೆ ಕೋದಂಡಪ್ಪನ ಮುಖ ಬಿಳಿಚಿಕೊಂಡಿತ್ತು. ಚೊಚ್ಚಲ ಹೆರಿಗೆಗೆಂದು ಬಂದ ಮಗಳು ಗಂಗರತ್ನಮ್ಮ ಅದೇ ಒಲೆಯ ಮುಂದೆ ಕೂತಿದ್ದಾಳೆ. "ಇವತ್ತೇ ಆ ದರಿದ್ರವ ಕಿತ್ತಾಕ್ತೀನಿ" ಎಂದವನೇ ಬಸ್ಸಿಗೆ ಓಡಿದ್ದ.

"ಅಯ್ಯೋ, ಒಡೀಬಾರದಮ್ಮ!" ಡಾಕ್ಟರು ಗಾಬರಿಯಾದರು. "ಅಲುಗಾಡಿಸದೆ ಬಿಟ್ಟರೆ ಅಷ್ಟು ಭಯವಿಲ್ಲ. ಒಡೆದರೆ ಧೂಳೇಳುತ್ತೆ. ತೆಗೆಯಲೇಬೇಕಾದರೆ ಚೆನ್ನಾಗಿ ನೆನೆಸಿ ತೆಗೀಬೇಕು. ಮಗಳನ್ನ ಮೊದಲು ಆಚೆ ಕಳಿಸಿ."

ಅವಳು ಏದುಸಿರು ಬಿಡುತ್ತ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಅವರೂರಿನ ಕಡೆಗೆ ಹೋಗುವ ಕಾಮಸಮುದ್ರದ ಬಸ್ಸು ಹೊರಟಾಗಿತ್ತು. ಮುಂದಿನ ಬಸ್ಸು ಬಂದು, ಹೊರಟು, ಮೂಲೆಮೂಲೆಗೂ ನಿಂತು ಅವಳ ಪ್ರಾಣ ಹಿಂಡಿತು. ಟೀ ಅಂಗಡಿ ಕಂಡರೆ ಹರಟೆಗೆ ಕೂರುವ ಗಂಡನನ್ನು ಜೀವಮಾನವೆಲ್ಲ ಬೈದಿದ್ದಳು. ದೇವರೇ, ಇವತ್ತೊಂದು ದಿನ ಆ ಪುಣ್ಯಾತ್ಮ ಎಲ್ಲಾದರೂ ಕೂತಿರಲಪ್ಪಾ ಎಂದು ಬೇಡಿಕೊಂಡಳು.

ಕೂತಿರಲಿಲ್ಲ. ಬಾಗಿಲಲ್ಲೇ ಧೂಳು ಮುಖಕ್ಕೆ ಬಡಿಯಿತು. ಕೋದಂಡಪ್ಪ ಗಡಾರಿ ಹಿಡಿದು ಒಲೆಯಲ್ಲಿ ಪಾತ್ರೆ ಕೂರಿಸುವ ಕೊನೆಯ ಗುಂಡನ್ನು ಕೆಡವುತ್ತಿದ್ದ. ಗಂಗರತ್ನಮ್ಮ ಸೆರಗು ಸಿಕ್ಕಿಸಿ, ಭಾರದ ಹೊಟ್ಟೆ ಹೊತ್ತು, ಪೊರಕೆಯಿಂದ ಗುಡಿಸಿ ಮಂಕರಿಗೆ ತುಂಬುತ್ತಿದ್ದಳು. ಅವಳ ರೆಪ್ಪೆಯ ಮೇಲೂ ಬಿಳಿ.

"ನಿಲ್ಸಯ್ಯಾ! ಆಚೆ ಬಾ ಮಗಾ!"

ಮುನಿಗಂಗಮ್ಮ ಕೊಡ ಎತ್ತಿ ಒಲೆ, ಗಂಡ, ಮಗಳು ಎನ್ನದೆ ನೀರು ಸುರಿದಳು. ಮಗಳನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಒದರಿದಳು.

ಕೋದಂಡಪ್ಪ ಹೊಸ್ತಿಲಲ್ಲೇ ಕುಸಿದ. "ಒಳ್ಳೇದಾಗ್ಲಿ ಅಂತ ಮಾಡಿದ್ನಲ್ಲೇ" ಎಂದು ಅಳತೊಡಗಿದ. ಅವನನ್ನು ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೂ ಎನಿಸಿತು. ಎರಡಕ್ಕೂ ಅವಳಲ್ಲಿ ಉಸಿರಿರಲಿಲ್ಲ.

"ಅಮ್ಮಾ, ಒಂದಿನದ ಧೂಳಿಗೆ ನಂಗೇನೂ ಆಗಲ್ಲ, ಅಲ್ವಾ?" ಎಂದಳು ಗಂಗರತ್ನಮ್ಮ.

ಏನೂ ಆಗುವುದಿಲ್ಲವೆಂದು ಹೇಳಬೇಕೆಂದೇ ಮುನಿಗಂಗಮ್ಮ ಬಾಯಿ ತೆರೆದಳು.

"ಗೊತ್ತಿಲ್ಲ ಕಣ್ ಮಗಾ. ನಿನ್ ಒಟ್ಟೇಲಿರೋದು ಬೆಳ್ದು, ಅದ್ಕೂ ಮಕ್ಳಾಗೋ ಒತ್ಗೆ ಗೊತ್ತಾಯ್ತದೆ."