ಎಲ್ಲಿ ಶುರುವಾಯಿತು

"ಇದನ್ನ ತಗೊಳ್ಳೋಕಾಗಲ್ಲ ಸಾರ್. ಎಲ್ಲಿಂದ ತೆಗೆದದ್ದು ಅಂತ ಚೀಟಿಯಲ್ಲಿ ಬರೆದಿಲ್ಲ," ಎಂದು ಅವಳು ಡಬ್ಬಿಯನ್ನು ಕಿಟಕಿಯ ಆಚೆಗೆ ತಳ್ಳಿದಳು.

ಆಸ್ಪತ್ರೆಯ ಲ್ಯಾಬಿನ ನಿಯಮವೇನೋ ಅದೇ. ಆದರೆ ಬೇರೆಯವರಾಗಿದ್ದರೆ ಅವಳೇ ವಾರ್ಡಿಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳುತ್ತಿದ್ದಳು. ಈ ಮಹಾಶಯರು ಶೀಟು ಕಾರ್ಖಾನೆಯ ಡಾಕ್ಟರು. ಆರು ವರ್ಷಗಳಿಂದ ಅವಳು ದಿನವೂ ಹಿಡಿಶಾಪ ಹಾಕುತ್ತಿದ್ದದ್ದು ಇದೇ ಮುಖಕ್ಕೆ.

"ನನ್ನ ಕುತ್ತಿಗೆ ಗಂಟಮ್ಮ." ಡಾಕ್ಟರು ಕುತ್ತಿಗೆಗೆ ಹಾಕಿದ್ದ ಬ್ಯಾಂಡೇಜು ಮುಟ್ಟಿಕೊಂಡರು. "ಅಲ್ಲೇ ಹುಟ್ಟಿದ್ದೋ, ಬೇರೆ ಕಡೆ ಹುಟ್ಟಿ ಅಲ್ಲಿಗೆ ಹರಡಿದ್ದೋ ಗೊತ್ತಾಗಬೇಕಂತೆ. ಒಂದೊಂದಕ್ಕೆ ಒಂದೊಂದು ಔಷಧಿ. ಬೇಗ ನೋಡಮ್ಮ, ಕೈ ಮುಗೀತೀನಿ."

"ಎಲ್ಲಿ ಶುರುವಾದ್ರೇನು ಸಾರ್? ಕ್ಯಾನ್ಸರ್ ಅಂದ್ರೆ ಕ್ಯಾನ್ಸರೇ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಅವಳನ್ನು ದಿಟ್ಟಿಸಿದರು. ಅದು ಅವರದೇ ಮಾತು. ಅಂದು ಅವರ ಮೇಜಿನ ಮುಂದೆ ಗಂಡನ ರಿಪೋರ್ಟು ಹಿಡಿದು ನಿಂತವಳಿಗೆ ಹೇಳಿದ್ದು.

ಅವಳ ಗಂಡ ಹದಿನಾಲ್ಕು ವರ್ಷ ಆ ಕಾರ್ಖಾನೆಯಲ್ಲಿ ಕಲ್ನಾರಿನ ಶೀಟು ಕೊಯ್ದಿದ್ದ. ಎದೆಯಿಂದ ತೆಗೆದ ತುಂಡನ್ನು ಮೇಣದಲ್ಲಿ ಅಚ್ಚು ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಲ್ಯಾಬಿನ ಬ್ಲೇಡು ಯಂತ್ರದಲ್ಲಿ ತೆಳ್ಳಗೆ ಹೆರೆದವಳು ಅವಳೇ. ಶುರುವಾದದ್ದು ಶ್ವಾಸಕೋಶದಲ್ಲಲ್ಲ, ಅದರ ಮೇಲಿನ ಪೊರೆಯಲ್ಲಿ. ಕಲ್ನಾರಿನ ದೂಳಿನಿಂದ ಬರುವಂಥದ್ದು ಎಂದು ರಿಪೋರ್ಟಿನಲ್ಲಿ ಸ್ಪಷ್ಟವಾಗಿತ್ತು. ಡಾಕ್ಟರು ಅದನ್ನು ಪಕ್ಕಕ್ಕಿಟ್ಟು, ಪರಿಹಾರದ ಹೊರೆ ತಪ್ಪಿಸಲು ಕಾರ್ಖಾನೆಯ ದಾಖಲೆಯಲ್ಲಿ 'ಶ್ವಾಸಕೋಶ, ಧೂಮಪಾನ' ಎಂದು ಗೀಚಿದ್ದರು. ಬೀಡಿ ಹೊಗೆ ಸೋಕಿದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಮನುಷ್ಯ! ಅತ್ತೆ ಇವತ್ತಿಗೂ ಮಗನ ಫೋಟೋ ಒರೆಸುವಾಗ ಕೇಳುತ್ತಾಳೆ: "ನನಗೂ ಹೇಳದೆ ಕದ್ದು ಸೇದ್ತಿದ್ಯೇನೋ?"

ಅವಳು ಡ್ರಾಯರಿನಿಂದ ಬೆರಳಗಲದ ಮೇಣದ ಅಚ್ಚೊಂದನ್ನು ತೆಗೆದು ಡಬ್ಬಿಯ ಪಕ್ಕದಲ್ಲಿಟ್ಟಳು. ಹಳೆಯ ಅಚ್ಚುಗಳನ್ನು ಎಸೆಯುವಾಗ ಅವಳು ಉಳಿಸಿಕೊಂಡದ್ದು ಇದೊಂದನ್ನೇ.

"ಇದು ನನ್ನ ಗಂಡ ಸಾರ್. ಇವರಿಗೆ ಎಲ್ಲಿ ಶುರುವಾಯ್ತು, ಯಾತರಿಂದ ಶುರುವಾಯ್ತು, ಬರೀರಿ. ಕೆಳಗೆ ಸಹಿ ಹಾಕಿ."

"ಬರೀದಿದ್ರೆ?"

ಅವಳು ಡಬ್ಬಿಯನ್ನೆತ್ತಿ ಬೆಳಕಿಗೆ ಹಿಡಿದು ನೋಡಿದಳು. ಒಳಗಿನ ದ್ರಾವಣದಲ್ಲಿ ಕಡಲೆಕಾಳಿನಷ್ಟು ತುಂಡು ಅತ್ತಿತ್ತ ಹೊರಳಿತು. ಡಾಕ್ಟರ ಕಣ್ಣು ಅದರ ಹಿಂದೆಯೇ ಓಡಾಡಿತು. ಅವರ ಹಣೆ ಬೆವರಿದ್ದು ಕಂಡು ಅವಳಿಗೆ ಹಿತವಾಯಿತು. ಹಿತವಾಯಿತಲ್ಲ ಎಂದು ನಾಚಿಕೆಯೇನೂ ಆಗಲಿಲ್ಲ.

ಡಾಕ್ಟರು ಪೆನ್ನು ಕೇಳಿ ಪಡೆದರು. ನಾಲ್ಕು ಸಾಲು ಬರೆಯಲು ಎರಡು ಹಾಳೆ ಕೆಡಿಸಿದರು. 'ಪೊರೆ' ಎಂಬಲ್ಲಿ ಅಕ್ಷರ ಸೊಟ್ಟಗಾಯಿತು. ಅವಳು ಅದನ್ನು ಎರಡು ಸಲ ಓದಿ, ಮಡಚಿ ಕೋಟಿನ ಜೇಬಿಗಿಟ್ಟುಕೊಂಡಳು.

"ಭಾನುವಾರ ಮನೆಗೆ ಬನ್ನಿ. ನಮ್ಮತ್ತೆಗೆ ಕಣ್ಣು ಕಾಣಲ್ಲ, ಇದನ್ನ ನೀವೇ ಓದಿ ಹೇಳಬೇಕು. ಆಮೇಲೆ ಕಾರ್ಖಾನೆಯವರ ಮುಂದೆ."

"ಅಷ್ಟು ದಿನ ಇರ್ತೀನೋ ಇಲ್ವೋ..."

"ಇರಬೇಕು ಸಾರ್. ಅಷ್ಟು ಸುಲಭಕ್ಕೆ ನಿಮ್ಮನ್ನ ಬಿಡ್ತೀನಾ?"

ಚೀಟಿಯ ಖಾಲಿ ಜಾಗದಲ್ಲಿ 'ಕುತ್ತಿಗೆಯ ಗಂಟು' ಎಂದು ತಾನೇ ಬರೆದು, ಮೇಲೆ 'ತುರ್ತು' ಎಂದು ಸೇರಿಸಿ ಕೆಂಪು ಗೆರೆ ಎಳೆದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಳು. ಡಾಕ್ಟರ ತುಂಡಿನ ಅಚ್ಚನ್ನು ಯಂತ್ರಕ್ಕೆ ಕೂರಿಸಿ, ಪದರ ಎಲ್ಲೂ ಹರಿಯದಿರಲೆಂದು ಹಳೆಯ ಬ್ಲೇಡು ತೆಗೆದು ಹೊಸದನ್ನು ಹಾಕಿದಳು.